ಕ್ಯೂ ಎಂಬ ಬಾಕಿದಾರ

ಬೆಳಗೊಳದ ನಮ್ಮ ಪಾತ್ರೆ ಅಂಗಡಿಯಲ್ಲಿ
ದೀಪಾವಳಿಗೊಂದು ಹೊಸ ಖಾತೆ ಪುಸ್ತಕ.
ಮೊದಲ ಪುಟಕ್ಕೆ ಅರಿಶಿನ, ಶ್ರೀಕಾರ.
ಕೊನೆಯ ಪುಟಕ್ಕೆ, ಯಾರೂ ನೋಡದಾಗ,
ದೊಡ್ಡಪ್ಪನ ಕೈಬರಹ:
ಜೆ. ಕೆ. ಎಂ. ಪಿ. ಕ್ಯೂ. ಆರ್. ವಿ.
ಮುಂದೆ ಮೊತ್ತವಿಲ್ಲ, ಊರಿಲ್ಲ, ಅಪ್ಪನ ಹೆಸರಿಲ್ಲ.

ಯಾರು ದೊಡ್ಡಪ್ಪ ಈ ಕ್ಯೂ, ಎಷ್ಟು ಕೊಡಬೇಕು?
ಕೇಳಿದಾಗ ನನಗೆ ಹತ್ತು ವರ್ಷ.
‘ಅವನು ಕೊಡಬೇಕಾದ್ದಲ್ಲ ಕಣೋ’ ಎಂದು
ತಕ್ಕಡಿಯ ಮುಳ್ಳನ್ನೇ ನೋಡುತ್ತ ಕೂತರು.

ಭುಜಬಲಯ್ಯ, ಮೆಟ್ರಿಕ್ ಪಾಸು.
ಇಂಗ್ಲಿಷ್ ಅಕ್ಷರ ಮುತ್ತು ಪೋಣಿಸಿದ ಹಾಗೆ;
ಹಾಸನದಲ್ಲಿ ಭರ್ತಿಗೆ ಬಂದವರು ನೋಡಿದ್ದು ಅದೊಂದೇ.
ಬಂದೂಕು ಮುಟ್ಟುವುದಿಲ್ಲ ಎಂದರಂತೆ ಇವರು.
ಯಾರು ಮುಟ್ಟು ಅಂದರು, ಪೆನ್ನು ಹಿಡಿ ಎಂದರಂತೆ ಅವರು.

ಹೀಗೆ ನೀರು ಸೋಸಿ ಕುಡಿಯುವ ಮನೆಯ ಹುಡುಗ
ಬಂಗಾಳದ ಯಾವುದೋ ಬಯಲಲ್ಲಿ
ನಾಲ್ಕು ಎಂಜಿನ್ನಿನ ಬಾಂಬರುಗಳ ಲೆಕ್ಕ ಬರೆದ.
ಒಂದೊಂದಕ್ಕೆ ಒಂದು ಪುಸ್ತಕ, ರಟ್ಟಿನ ಮೇಲೆ ಒಂದೇ ಅಕ್ಷರ.
ಎಷ್ಟು ಗಂಟೆ ಹಾರಿತು, ಎಷ್ಟು ಎಣ್ಣೆ ಕುಡಿಯಿತು,
ಎಷ್ಟು ಪೌಂಡು ಹೊತ್ತಿತು, ಎಷ್ಟು ಇಳಿಸದೆ ತಂದಿತು.

ಜೆ ಸಾಧು, ಬಲಗಡೆಯ ಗಾಲಿ ಮಾತ್ರ ಹಠಮಾರಿ.
ಕೆ ಬಾಲದ ಹತ್ತಿರ ತೇಪೆಯ ಮೇಲೆ ತೇಪೆ,
ಬಡವರ ಮನೆಯ ಕಂಬಳಿ.
ಪಿ ಯಾವಾಗಲೂ ಸೋರುತ್ತಿತ್ತು, ಮೂರನೇ ಎಂಜಿನ್ನು;
ಕೆಳಗಿಟ್ಟ ಡಬ್ಬಿಯಲ್ಲಿ ಒಂದು ಸಲ ಕಪ್ಪೆ ಬಿದ್ದಿತ್ತು.
ಎತ್ತಿ, ತೊಳೆದು, ಹುಲ್ಲಿಗೆ ಬಿಟ್ಟರು.
ಆ ರಾತ್ರಿ ಪಿ ಹೊತ್ತದ್ದು ಐದು ಸಾವಿರ ಪೌಂಡು.
ಅದನ್ನೂ ಬರೆದರು. ಅದೇ ಕೈ.

ಸೂರ್ಯ ಇಳಿಯುವ ಮುಂಚೆ ಊಟ, ಅಲ್ಲಿಯೂ.
ಇವರು ತಟ್ಟೆ ತೊಳೆಯುವ ಹೊತ್ತಿಗೆ ಸರಿಯಾಗಿ
ಎಂಜಿನ್ನುಗಳಿಗೆ ಹಸಿವು ಹತ್ತುತ್ತಿತ್ತು.

ಫೆಬ್ರವರಿಯ ಸಂಜೆ. ಮಲಬಾರಿನ ಮೆಕ್ಯಾನಿಕ್ಕು ಕುಂಞಂಬು
ಓಡಿ ಬಂದು ಬಾಗಿಲಲ್ಲಿ ನಿಂತ:
ಕ್ಯೂ ಪೆಟ್ರೋಲಿನ ಮುಳ್ಳು ಸುಳ್ಳು ಹೇಳ್ತಿದೆ, ಬರ್ಕೊಳ್ಳಿ.
ಬರೆದರೆ ಅದು ಹಾರುವ ಹಾಗಿಲ್ಲ.
ಕಿಟಕಿಯಲ್ಲಿ ಎರಡು ಬೆರಳಷ್ಟು ಸೂರ್ಯ.
ಊಟ ಮಾಡಿ ಬರೆದುಬಿಡ್ತೀನಿ, ಎಂದರು ದೊಡ್ಡಪ್ಪ.

ಅನ್ನ, ಬೇಳೆ. ಉಪ್ಪು ಕಮ್ಮಿ ಇತ್ತಂತೆ,
ಅದೂ ನೆನಪಿತ್ತು ಅವರಿಗೆ.

ಕೈ ಒರೆಸಿಕೊಂಡು ಬಂದಾಗ
ಕ್ಯೂ ನಿಲ್ಲುತ್ತಿದ್ದ ಕಡೆ
ಎಣ್ಣೆಯ ಕಲೆ.

ಯುದ್ಧ ಮುಗಿದ ಮೇಲೆ, ಮರಳಿ ಬಂದವನ್ನೂ ಒಡೆಯಿರಿ ಎಂದು ಹುಕುಂ.
ಜೆ ಮೂತಿಗೆ ಲಾರಿ ಗುದ್ದಿಸಿದರು,
ವಿ ಗಡಿಯಾರಗಳಿಗೆ ಸುತ್ತಿಗೆ.
ಪ್ರತಿ ಪುಸ್ತಕ ಮುಚ್ಚಿ, ರುಜು ಹಾಕಿಸಿಕೊಂಡು,
ಅರಸೀಕೆರೆಯಲ್ಲಿ ರೈಲು ಇಳಿದರು.

ಅಲ್ಲಿಂದ ಅವರದು ದಿನಕ್ಕೆ ಒಂದೇ ಊಟ, ಹತ್ತು ಗಂಟೆಗೆ.
ಎಂಥ ವ್ರತ ಎಂದು ಊರು ಹೊಗಳಿತು.
ಬಸದಿಯಲ್ಲಿ ಮೊದಲ ಸಾಲಿನಲ್ಲಿ ಕೂರಿಸಿದರು.
ಕೂತರು. ಏನು ಹೇಳುವುದು?

ನನಗೆ ಹೇಳಿದ್ದು ಚಿಕ್ಕಬೆಟ್ಟದಲ್ಲಿ, ಎಂಬತ್ತು ದಾಟಿದ ಮೇಲೆ.
ಎದುರು ದೊಡ್ಡಬೆಟ್ಟಕ್ಕೆ ಜನ ಇರುವೆಸಾಲು;
ನಾವಿಬ್ಬರು ಈಚೆ, ಬರಿಗಾಲಲ್ಲಿ,
ಬಂಡೆಯ ಹಳೆಯ ಅಕ್ಷರ ತುಳಿಯದ ಹಾಗೆ ನಡೆಯುತ್ತ.
ಅನ್ನ ಬಿಟ್ಟು ಪ್ರಾಣ ಬಿಟ್ಟವರ ಹೆಸರು ಅವು.
‘ಇವರಿಗೆ ಗೊತ್ತಿತ್ತು, ಹೊರಟಿದ್ದೀವಿ ಅಂತ.
ಕ್ಯೂನಲ್ಲಿದ್ದ ಹತ್ತು ಜನಕ್ಕೆ ಗೊತ್ತಿರಲಿಲ್ಲ.’
ಸ್ವಲ್ಪ ಹೊತ್ತು ಬಿಟ್ಟು,
‘ಕೆಳಗೆ ಸೇತುವೆ ಹತ್ತಿರ ಇದ್ದೋರ ಹೆಸರಿಗೆ
ನಮ್ಮ ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ.’

ಈಗ ಅಂಗಡಿ ನನ್ನದು. ತಕ್ಕಡಿಗೆ ಮುಳ್ಳಿಲ್ಲ, ಕೆಂಪು ಅಂಕಿಗಳು.
ಈ ದೀಪಾವಳಿಯ ಪುಸ್ತಕಕ್ಕೆ ನಾನೇ ಬರೆಯುತ್ತಿದ್ದೆ:
ಜೆ. ಕೆ. ಎಂ. ಪಿ.
ಹೊತ್ತು ಮುಳುಗ್ತಿದೆ, ಊಟಕ್ಕೆ ಬನ್ನಿ,
ಒಳಗಿನಿಂದ ಪದ್ಮಲತೆ ಕರೆದಳು.

ಬರೆದು ಬರ್ತೀನಿ ಅಂದೆ.